ತಲೆಯಿಂದ ಬೆನ್ನಿಗಿಳಿಯುವ ರಕ್ತ

ಬೆಳಗಿನ ಕಾಫಿಯ ಹೊತ್ತು. ಐವತ್ತನ್ನು ದಾಟಿದ ಗೃಹಿಣಿಯೊಬ್ಬರು ಅಡಿಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತ ನಿಂತಿದ್ದಾರೆ. ಹಿಂದಿನ ಕ್ಷಣದವರೆಗೆ ಮೈಯಲ್ಲಿ ಯಾವ ಬಾಧೆಯೂ ಇರಲಿಲ್ಲ. ಇದ್ದಕ್ಕಿದ್ದಂತೆ ತಲೆಯ ಹಿಂಬದಿಗೆ ಸಿಡಿಲೆರಗಿದಂತೆ ನೋವು ಬಡಿಯಿತು. “ಅಯ್ಯೋ, ತಲೆ!” ಎಂದು ಕೂಗಿದುದಷ್ಟೇ, ಕೈಯಲ್ಲಿದ್ದ ಲೋಟ ಜಾರಿತು, ಕಾಲು ಕುಸಿಯಿತು. ಮನೆಯವರು ಓಡಿ ಬರುವ ವೇಳೆಗೆ ವಾಂತಿಯಾಗಿ, ಕತ್ತು ಸೆಟೆದು, ಅರೆಪ್ರಜ್ಞೆ ಕವಿದಿತ್ತು.

ಆಸ್ಪತ್ರೆಯಲ್ಲಿ ಕಾರಣ ತಿಳಿಯುವುದಕ್ಕೆ ತಡವಾಗಲಿಲ್ಲ. ಮಿದುಳಿನ ತಳದ ರಕ್ತನಾಳವೊಂದು ಒಂದೆಡೆ ಗುಳ್ಳೆಯಂತೆ ಉಬ್ಬಿಕೊಂಡಿದ್ದಿತು. ಆ ಉಬ್ಬು ಒಡೆದು ಮಿದುಳಿನ ಸುತ್ತ ರಕ್ತ ಹರಡಿತ್ತು. ವೈದ್ಯರು ತೊಡೆಯ ರಕ್ತನಾಳದಿಂದ ಕೂದಲೆಳೆಯಂತಹ ನಳಿಕೆಯನ್ನು ತಲೆಯವರೆಗೆ ಏರಿಸಿ, ಒಡೆದ ಉಬ್ಬಿನೊಳಗೆ ಪ್ಲಾಟಿನಂ ತಂತಿಯ ಸುರುಳಿಯನ್ನು ತುಂಬಿ ಮುಚ್ಚಿದರು. ಮೂರು ವಾರ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕಾದುದಾಯಿತು. ಕೊನೆಗೆ ಆಕೆ ತಮ್ಮ ಕಾಲಿನ ಮೇಲೆಯೇ ನಡೆದು ಮನೆಗೆ ಬಂದರು. ಹರಸಿಕೊಂಡಿದ್ದ ಸತ್ಯನಾರಾಯಣ ಪೂಜೆ ನಡೆಯಿತು. ಗಂಡಾಂತರ ಕಳೆಯಿತೆಂದು ನೆರೆಹೊರೆಯವರು ಹಾರೈಸಿದರು.

ಎಂಟು ತಿಂಗಳು ಕಳೆದವು. ಒಂದು ಸಂಜೆ ದೇವಸ್ಥಾನದಿಂದ ಹಿಂದಿರುಗಿದಾಗ ಮಗಳು ಬಾಗಿಲಲ್ಲಿಯೇ ಕೇಳಿದಳು:

“ಅಮ್ಮಾ, ಬಲಗಾಲಿನ ಚಪ್ಪಲಿ ಎಲ್ಲಿ?”

ತಾಯಿ ಕೆಳಗೆ ನೋಡಿಕೊಂಡರು. ಬಲಗಾಲು ಬರಿಗಾಲಾಗಿತ್ತು. ಚಪ್ಪಲಿ ಬೀದಿಯ ತಿರುವಿನಲ್ಲೆಲ್ಲೋ ಕಳಚಿ ಬಿದ್ದಿತ್ತು. ಬಿದ್ದುದು ಅವರಿಗೆ ತಿಳಿದೇ ಇರಲಿಲ್ಲ.

ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ನರರೋಗತಜ್ಞರ ವರದಿಗಳಲ್ಲಿ ಅಲ್ಲೊಂದು ಇಲ್ಲೊಂದರಂತೆ ಕಾಣಿಸುವ ರೋಗಿಗಳ ಪಾಡನ್ನು ಒಂದೆಡೆ ಕೂಡಿಸಿ ಬರೆದ ಚಿತ್ರ. ರಕ್ತ ಒಡೆದುದು ತಲೆಯಲ್ಲಿ, ತಲೆ ಚೇತರಿಸಿಕೊಂಡಿತು. ಮಾತು ಸ್ಪಷ್ಟ, ನೆನಪು ಸ್ಪಷ್ಟ, ಕೈಗಳಲ್ಲಿ ಬಲವಿದೆ. ಆದರೆ ತಿಂಗಳುಗಳ ತರುವಾಯ, ಕೆಲವೊಮ್ಮೆ ವರ್ಷಗಳ ತರುವಾಯ, ಕಾಲುಗಳು ಮಾತು ಕೇಳದಂತಾಗುತ್ತವೆ. ತಲೆಗೂ ಕಾಲಿಗೂ ಎಲ್ಲಿಯ ಸಂಬಂಧ? ಈ ಪ್ರಶ್ನೆಗೆ ಉತ್ತರ ಎರಡರ ನಡುವೆ ಇರುವ ನೀರಿನಲ್ಲಿದೆ.

ನೀರಿನಲ್ಲಿ ತೇಲುವ ಅಂಗ

ಮಿದುಳು ತಲೆಬುರುಡೆಯೊಳಗೆ ತೆಂಗಿನ ತಿರುಳಿನಂತೆ ಅಂಟಿಕೊಂಡಿರುವುದಿಲ್ಲ. ತಿಳಿನೀರಿನಂತಹ ದ್ರವವೊಂದರಲ್ಲಿ ತೇಲುತ್ತಿರುತ್ತದೆ. ಬೆನ್ನೆಲುಬಿನ ಕೊಳವೆಯೊಳಗೆ ಇಳಿದಿರುವ, ಸುಮಾರು 45 ಸೆಂಟಿಮೀಟರ್ ಉದ್ದದ ಬೆನ್ನುಹುರಿಯೂ ಅದೇ ನೀರಿನಲ್ಲಿ ತೂಗಾಡುತ್ತಿರುತ್ತದೆ. ಮೇಲಿನದೊಂದು ಕೆರೆ, ಕೆಳಗಿನದೊಂದು ಕೆರೆ ಎಂದಲ್ಲ. ಇಡೀ ನೀರು ಒಂದೇ. ವಯಸ್ಕರಲ್ಲಿ ಒಂದು ವೇಳೆಗೆ ಇರುವ ನೀರು ಸುಮಾರು 150 ಮಿಲಿಲೀಟರ್. ದಿನಕ್ಕೆ ಸುಮಾರು ಅರ್ಧ ಲೀಟರಿನಷ್ಟು ಹೊಸದಾಗಿ ಒಸರುತ್ತದೆ; ಅಷ್ಟೇ ನೀರು ರಕ್ತಕ್ಕೆ ಹಿಂದಿರುಗುತ್ತದೆ. ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಇಡೀ ನೀರು ಬದಲಾಗುತ್ತದೆ.

ಮನುಷ್ಯನ ದೇಹವನ್ನು ಶತಮಾನಗಳ ಕಾಲ ಕೊಯ್ದು ನೋಡಿದ ಪಂಡಿತರ ಕಣ್ಣಿಗೆ ಈ ನೀರು ಬಹುಕಾಲ ಬೀಳಲಿಲ್ಲವೆಂಬುದು ಸೋಜಿಗದ ಸಂಗತಿ. ಕಾರಣ ಸರಳವಾದುದು. ಅಂದಿನ ರೂಢಿಯಂತೆ ಶವದ ತಲೆಯನ್ನು ಮೊದಲು ಕತ್ತರಿಸಿ ಬೇರೆ ಮಾಡುತ್ತಿದ್ದರು; ಕತ್ತರಿಸಿದೊಡನೆ ನೀರೆಲ್ಲ ಸೋರಿ ಹೋಗುತ್ತಿತ್ತು. ಇಟಲಿಯ ನೇಪಲ್ಸ್ ನಗರದ ದೊಮೆನಿಕೊ ಕೊಟುನ್ಯೊ ಎಂಬ ತರುಣ ವೈದ್ಯನು ತಲೆಯನ್ನು ಕಡಿಯುವ ಮೊದಲೇ ಸೊಂಟದ ಬಳಿ ಬೆನ್ನೆಲುಬನ್ನು ತೆರೆದು ನೋಡಿದನು. ನೀರು ಹರಿದು ಬಂದಿತು. ಅವನು ಇದನ್ನು 1764ರಲ್ಲಿ ಪ್ರಕಟಿಸಿದನು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಅವನ ಪುಸ್ತಕದ ವಿಷಯ ಮಿದುಳಲ್ಲ, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವು! ಕಾಲುನೋವಿನ ಮೂಲವನ್ನು ಹುಡುಕಿ ಹೊರಟವನಿಗೆ ತಲೆಯ ನೀರು ಸಿಕ್ಕಿತು.

ಈ ನೀರನ್ನು ಹಿಡಿದಿಡುವ ಪೊರೆಗಳು ಮೂರು. ಹೊರಗಿನದು ದಪ್ಪ, ತೊಗಲಿನಂತೆ ಗಡುಸು. ಒಳಗಿನದು ಮಿದುಳಿಗೂ ಬೆನ್ನುಹುರಿಗೂ ಮೈಗಂಟಿದ ತೆಳುವಾದ ಹೊದಿಕೆ. ನಡುವಿನ ಪೊರೆಯೇ ಈ ಕಥೆಯ ನಾಯಕಿ, ಅಥವಾ ಖಳನಾಯಕಿ ಎನ್ನಬೇಕೇನೋ. ಅದರಿಂದ ಒಳಪೊರೆಯವರೆಗೆ ಹಬ್ಬಿದ ಸಣ್ಣ ಸಣ್ಣ ಎಳೆಗಳನ್ನು ನೋಡಿದವರಿಗೆ ಜೇಡರಬಲೆಯ ನೆನಪಾಯಿತು. ಆದುದರಿಂದಲೇ ಗ್ರೀಕ್ ಭಾಷೆಯ ಜೇಡನ ಹೆಸರಿನಿಂದ ಅದಕ್ಕೆ ‘ಅರಾಕ್ನಾಯ್ಡ್’ ಎಂದು ಹೆಸರಿಟ್ಟರು. ನೀರು ಈ ಬಲೆಯ ಎಳೆಗಳ ನಡುವೆ ಹರಿದಾಡುತ್ತದೆ. ಮಿದುಳಿಗೆ ರಕ್ತವನ್ನು ಒದಗಿಸುವ ದೊಡ್ಡ ನಾಳಗಳೂ ಇದೇ ನೀರಿನಲ್ಲಿ ಮುಳುಗಿವೆ. ಮಿದುಳಿನ ತಳದಲ್ಲಿ ಅವು ಒಂದನ್ನೊಂದು ಕೂಡಿ ಬಳೆಯಂತಹ ವರ್ತುಲವಾಗುತ್ತವೆ. 1664ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸನ ಹೆಸರೇ ಆ ವರ್ತುಲಕ್ಕೆ ನಿಂತಿದೆ. ಅವನ ಗ್ರಂಥಕ್ಕೆ ಚಿತ್ರಗಳನ್ನು ಬರೆದುಕೊಟ್ಟವರಲ್ಲಿ, ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯನ್ನು ಮುಂದೆ ಕಟ್ಟಿಸಿದ ಶಿಲ್ಪಿ ಕ್ರಿಸ್ಟೋಫರ್ ರೆನ್ ಒಬ್ಬನು.

ಗುಳ್ಳೆ ಒಡೆದಾಗ

ನಾಳಗಳು ಕವಲೊಡೆಯುವ ಕಡೆಗಳಲ್ಲಿ ಗೋಡೆ ದುರ್ಬಲವಾಗಿ ಉಬ್ಬುವುದುಂಟು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂತಹ ಉಬ್ಬು ಇರುತ್ತದೆಂದು ತಜ್ಞರ ಅಂದಾಜು. ಓದುಗರು ಗಾಬರಿಯಾಗಬೇಕಾಗಿಲ್ಲ, ಅವುಗಳಲ್ಲಿ ಬಹುಪಾಲು ಎಂದೂ ಒಡೆಯುವುದಿಲ್ಲ. ಇದೆಯೆಂಬುದೇ ತಿಳಿಯದೆ ಅನೇಕರು ಪೂರ್ಣಾಯುಷ್ಯವನ್ನು ಕಳೆಯುತ್ತಾರೆ. ಆದರೆ ಏರಿದ ರಕ್ತದೊತ್ತಡ, ಧೂಮಪಾನ, ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗಾಗಿದ್ದುದು, ಇವು ಅಪಾಯವನ್ನು ಹೆಚ್ಚಿಸುತ್ತವೆ. ಒಡೆದರೆ ಪರಿಣಾಮ ಘೋರ. ಇಂದಿನ ಚಿಕಿತ್ಸೆಯಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ. ಕೆಲವರು ಆಸ್ಪತ್ರೆಯ ಬಾಗಿಲನ್ನು ಸಹ ಮುಟ್ಟುವುದಿಲ್ಲ.

ಉಳಿಸುವ ವಿದ್ಯೆ ಬೆಳೆದುಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೋನಿಜ್ ರಕ್ತನಾಳಕ್ಕೆ ಔಷಧವನ್ನು ಹೊಗಿಸಿ ಮಿದುಳಿನ ನಾಳಗಳನ್ನು ಎಕ್ಸ್-ರೇ ಪಟದಲ್ಲಿ ಮೂಡಿಸಿ ತೋರಿಸಿದರು. 1937ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಉಬ್ಬಿನ ಕತ್ತಿಗೆ ಬೆಳ್ಳಿಯ ಚಿಮುಟವೊಂದನ್ನು ಹಾಕಿ ಬಿಗಿದರು. ತಲೆಬುರುಡೆಯನ್ನು ತೆರೆಯದೆಯೇ, ನಾಳದ ಒಳಗಿನಿಂದ ಹೋಗಿ ಪ್ಲಾಟಿನಂ ಸುರುಳಿಯನ್ನು ತುಂಬುವ ಉಪಾಯವನ್ನು 1990ರ ಸುಮಾರಿಗೆ ಇಟಲಿಯವರೇ ಆದ ಗುಯ್ದೊ ಗುಲ್ಯೆಲ್ಮಿ ಲಾಸ್ ಏಂಜಲಿಸಿನಲ್ಲಿ ರೂಢಿಗೆ ತಂದರು. ಹೀಗೆ, ಒಂದು ಕಾಲಕ್ಕೆ ಸಾಯುತ್ತಿದ್ದವರು ಬದುಕತೊಡಗಿದರು. ಬದುಕಿದವರಿದ್ದರೆ ತಾನೆ ಮುಂದಿನ ತೊಡಕುಗಳು ಬೆಳಕಿಗೆ ಬರುವುದು?

ಮೊದಲ ಎರಡು ವಾರಗಳ ತೊಡಕುಗಳು ವೈದ್ಯರಿಗೆ ಚೆನ್ನಾಗಿ ಗೊತ್ತು. ಮುಚ್ಚುವುದಕ್ಕೆ ಮೊದಲೇ ಉಬ್ಬು ಮತ್ತೆ ಒಡೆಯಬಹುದು. ಮೂರು ನಾಲ್ಕನೆಯ ದಿನದಿಂದ ಮಿದುಳಿನ ನಾಳಗಳು ಸೆಟೆದುಕೊಂಡು, ರಕ್ತದ ಪೂರೈಕೆ ಕುಂದಿ ಪಾರ್ಶ್ವವಾಯು ತಗಲಬಹುದು. ಹೆಪ್ಪುಗಟ್ಟಿದ ರಕ್ತ ನೀರಿನ ಹಾದಿಗೆ ಅಡ್ಡಬಂದು ತಲೆಯಲ್ಲಿ ನೀರು ತುಂಬಬಹುದು. ಈ ಮೂರರ ಮೇಲೆ ಹಗಲಿರುಳೂ ಕಣ್ಣಿಟ್ಟಿರುತ್ತಾರೆ. ಬೆನ್ನಿನ ಕಡೆಗೆ ಆ ಹೊತ್ತಿನಲ್ಲಿ ಯಾರ ಗಮನವೂ ಹೋಗದಿದ್ದರೆ ಅಚ್ಚರಿಯಿಲ್ಲ.

ಆದರೆ ರಕ್ತ ಬೆನ್ನಿಗೆ ಇಳಿದಿರುತ್ತದೆ. ಇದು ಊಹೆಯಲ್ಲ. ಸೊಂಟದಲ್ಲಿ ಸೂಜಿ ಚುಚ್ಚಿ ನೀರು ತೆಗೆಯುವ ಕ್ರಮವನ್ನು 1891ರಲ್ಲಿ ಜರ್ಮನಿಯ ಹೈನ್ರಿಕ್ ಕ್ವಿಂಕೆ ಬಳಕೆಗೆ ತಂದಂದಿನಿಂದ, ತಲೆಯ ರಕ್ತಸ್ರಾವವನ್ನು ಗುರುತಿಸುತ್ತಿದ್ದುದೇ ಸೊಂಟದಿಂದ ಬಂದ ನೀರಿನ ಬಣ್ಣದಿಂದ! ಮೊದಲು ಕೆಂಪು, ಕೆಂಪು ಕಣಗಳು ಒಡೆದು ಕರಗಿದ ಮೇಲೆ, ಸುಮಾರು ಹನ್ನೆರಡು ಗಂಟೆಗಳಲ್ಲಿ, ಹಳದಿ. ಸಿ.ಟಿ. ಯಂತ್ರದ ಪಟದಲ್ಲಿ ರಕ್ತ ಕಾಣದೆ ಸಂಶಯ ಉಳಿದಾಗ ಇಂದಿಗೂ ಇದೇ ಪರೀಕ್ಷೆಗೆ ಮೊರೆಹೋಗುವುದುಂಟು. ರಕ್ತಸ್ರಾವವಾದ ಕೆಲವು ದಿನಗಳಲ್ಲಿ ಅನೇಕ ರೋಗಿಗಳು ಸೊಂಟ, ತೊಡೆ ಸೆಳೆಯುತ್ತವೆಂದು ಹೇಳುತ್ತಾರೆ. ಹಾಸಿಗೆ ಹಿಡಿದುದರಿಂದ ಬಂದ ನೋವೆಂದು ಮನೆಯವರು ಭಾವಿಸುತ್ತಾರೆ. ಕೆಳಗಿಳಿದ ರಕ್ತ ಅಲ್ಲಿಯ ನರಗಳ ಬೇರನ್ನು ಕೆರಳಿಸುವುದೂ ಅದಕ್ಕೆ ಕಾರಣವಾಗಿರಬಹುದು.

ರೋಗಿ ವಾರಗಟ್ಟಲೆ ಅಂಗಾತ ಮಲಗಿರುತ್ತಾನೆ. ಹಾಗೆ ಮಲಗಿದಾಗ ಬೆನ್ನೆಲುಬಿನ ಎದೆಮಟ್ಟದ ಬಾಗು ತಗ್ಗಿನ ಜಾಗವಾಗುತ್ತದೆ. ಬೆನ್ನಿಗೆ ಅರಿವಳಿಕೆ ಕೊಡುವ ವೈದ್ಯರಿಗೆ ಇದು ಚಿರಪರಿಚಿತ. ನೀರಿಗಿಂತ ಭಾರವಾದ ಮದ್ದು ಹರಿದು ಅಲ್ಲಿಯೇ ನಿಲ್ಲುತ್ತದೆ. ರಕ್ತಕ್ಕೂ ಅದೇ ನಿಯಮ. ಬೆನ್ನುಹುರಿಯ ತೊಡಕು ಬಹುಮಟ್ಟಿಗೆ ಎದೆಮಟ್ಟದಲ್ಲಿಯೇ ಕಂಡುಬರುವುದಕ್ಕೆ ಇದೊಂದು ಕಾರಣವಿದ್ದೀತು. ಪ್ರಕಟವಾದ ವರದಿಗಳಲ್ಲಿ ಹಲವು, ಮಿದುಳಿನ ಹಿಂಭಾಗದ ನಾಳಗಳಲ್ಲಿ ಉಬ್ಬು ಒಡೆದವರವು. ಆ ನಾಳಗಳು ತಲೆಬುರುಡೆಯ ತಳದ ದೊಡ್ಡ ರಂಧ್ರಕ್ಕೆ ಸಮೀಪದವು. ಅಲ್ಲಿಂದ ಬೆನ್ನಿಗೆ ಇಳಿಯಲು ರಕ್ತಕ್ಕೆ ದೂರವೇನೂ ಇಲ್ಲ.

ಬಲೆ ಅಂಟಾದಾಗ

ರಕ್ತ ನಾಳದೊಳಗೆ ಇದ್ದರೆ ಜೀವ. ಹೊರಗೆ ಚೆಲ್ಲಿದರೆ ವಿಷದಂತೆ. ಕೆಂಪು ಕಣಗಳು ಒಡೆದು ಹೊರಬಿದ್ದ ವಸ್ತುಗಳನ್ನು, ಅವುಗಳಲ್ಲಿರುವ ಕಬ್ಬಿಣವನ್ನು, ಜೇಡರಬಲೆಯಂತಹ ಆ ಪೊರೆ ಸಹಿಸುವುದಿಲ್ಲ. ಉರಿಯೂತವೇಳುತ್ತದೆ. 1928ರಲ್ಲಿ ಬಾಲ್ಟಿಮೋರಿನ ಚಾರ್ಲ್ಸ್ ಬ್ಯಾಗ್ಲಿ ನಾಯಿಗಳ ಮಿದುಳಿನ ನೀರಿಗೆ ರಕ್ತವನ್ನು ಸೇರಿಸಿ ನೋಡಿದಾಗ, ಆ ರಕ್ತವೊಂದೇ ಮಿದುಳನ್ನೂ ಅದರ ಪೊರೆಗಳನ್ನೂ ಕೆಡಿಸಬಲ್ಲದೆಂಬುದು ಖಚಿತವಾಯಿತು.

ಬಹಳ ಮಂದಿಯಲ್ಲಿ ಈ ಉರಿಯೂತ ತಾನಾಗಿ ಶಮನವಾಗುತ್ತದೆ, ನೀರು ತಿಳಿಯಾಗುತ್ತದೆ, ಪೊರೆ ಮೊದಲಿನಂತಾಗುತ್ತದೆ. ಅತಿ ವಿರಳವಾಗಿ ಕೆಲವರಲ್ಲಿ ಮಾತ್ರ ಅದು ನಿಲ್ಲದೆ ಒಳಗೊಳಗೇ ನಡೆಯುತ್ತದೆ. ಗಾಯ ಮಾಯುವಾಗ ಚರ್ಮದಲ್ಲಿ ಗಡುಸಾದ ಕಲೆ ಏಳುವುದಿಲ್ಲವೆ? ಅಂತಹುದೇ ನಾರು ಇಲ್ಲಿಯೂ ಬೆಳೆಯುತ್ತದೆ. ಬಲೆಯ ಎಳೆಗಳು ಒಂದನ್ನೊಂದು ಅಂಟಿಕೊಳ್ಳುತ್ತವೆ. ಪೊರೆ ಪೊರೆಗೆ ಅಂಟುತ್ತದೆ. ಕೊನೆಗೆ ನೀರಿನಲ್ಲಿ ಸ್ವತಂತ್ರವಾಗಿ ತೂಗಾಡುತ್ತಿದ್ದ ಬೆನ್ನುಹುರಿಯೇ ಗೋಡೆಗೆ ಅಂಟಿಕೊಳ್ಳುತ್ತದೆ. ವೈದ್ಯರು ಇದನ್ನು ‘ಅರಾಕ್ನಾಯ್ಡೈಟಿಸ್’ ಎನ್ನುತ್ತಾರೆ.

ಇದರಿಂದಾಗುವ ಹಾನಿ ಒಂದು ಬಗೆಯದಲ್ಲ. ನಾರು ಬಿಗಿದಲ್ಲಿ ಹುರಿಗೆ ರಕ್ತ ಒದಗಿಸುವ ಸಣ್ಣ ನಾಳಗಳು ಹಿಸುಕಿಹೋಗುತ್ತವೆ. ನೀರಿನ ಹಾದಿಗೆ ಒಡ್ಡು ಕಟ್ಟಿದಂತಾಗಿ, ಎಡೆಯಲ್ಲಿ ಸಿಕ್ಕಿಕೊಂಡ ನೀರು ಚೀಲದಂತೆ ಊದಿ ಹುರಿಯನ್ನು ಪಕ್ಕಕ್ಕೆ ಒತ್ತುತ್ತದೆ. ಕೆಲವರಲ್ಲಿ ನೀರು ಹೊರಗೆ ಹಾದಿ ಕಾಣದೆ ಹುರಿಯ ಒಳಕ್ಕೇ ನುಗ್ಗಿ, ಬಿದಿರಿನ ಒಳಗಿನ ಟೊಳ್ಳಿನಂತೆ ಅಲ್ಲಿ ಪೊಳ್ಳನ್ನು ಕೊರೆಯುತ್ತದೆ. ಇದಕ್ಕೆಲ್ಲ ಕಾಲ ಬೇಕು. ಮನೆಯವರು ತಲೆಯ ಕಾಯಿಲೆಯನ್ನು ಮರೆಯುವಷ್ಟು ಕಾಲ.

ಇಷ್ಟು ಹೇಳಿದ ಮೇಲೆ ಇದಕ್ಕೆ ತದ್ವಿರುದ್ಧವಾದ ಸಂಗತಿಯನ್ನೂ ಹೇಳಬೇಕು. ರಕ್ತ ಒಡೆದುದು ಬೆನ್ನಿನಲ್ಲಿ, ನೋವು ಕಾಣಿಸಿದುದು ತಲೆಯಲ್ಲಿ, ಹೀಗೂ ಆಗುವುದುಂಟು. ಬೆನ್ನುಹುರಿಯ ನಾಳಗಳ ದೋಷದಿಂದ ಒಡೆದ ರಕ್ತ ಅದೇ ನೀರಿನಲ್ಲಿ ಮೇಲಕ್ಕೇರಿ ತಲೆನೋವು, ಕತ್ತಿನ ಬಿಗಿತ ತರುತ್ತದೆ. ಆದರೆ ನೋವಿನ ಮೊದಲ ಪೆಟ್ಟು ಬೆನ್ನಿಗೆ. ಫ್ರಾನ್ಸಿನ ವೈದ್ಯ ಮಿಶೋನ್ 1928ರಲ್ಲಿ ಇದನ್ನು ‘ಬಾಕುವಿನ ಇರಿತ’ ಎಂದು ಬಣ್ಣಿಸಿದನು. ಇಂತಹವರು ನೂರಕ್ಕೆ ಒಬ್ಬರೂ ಇಲ್ಲ. ಹಾಗಿದ್ದರೂ ತಲೆಯಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಕ್ಕದಿದ್ದಾಗ ಬೆನ್ನಿನ ಕಡೆಗೆ ತಿರುಗುವ ವೈದ್ಯನೇ ಜಾಣನು.

ಒಂದೇ ಲಕ್ಷಣ, ಇಬ್ಬರು ಅಪರಾಧಿಗಳು

ಮತ್ತೆ ಆ ಗೃಹಿಣಿಯ ಬಳಿಗೆ. ಚಪ್ಪಲಿ ಕಳೆದ ದಿನ ಮನೆಯಲ್ಲಿ ನಗೆಯೇ ಎದ್ದಿತು. “ದೇವರ ಧ್ಯಾನದಲ್ಲಿ ಮೈಮರೆತೆಯೇನೋ!” ಎಂದು ಪತಿ ಹಾಸ್ಯ ಮಾಡಿದರು. ಆಮೇಲೆ ಕಾಲು ಭಾರವೆನಿಸತೊಡಗಿತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದು ರೂಢಿಯಾಯಿತು. ಬೆಳಿಗ್ಗೆ ಕಣ್ಣು ಮುಚ್ಚಿ ಮುಖಕ್ಕೆ ನೀರೆರಚಿಕೊಳ್ಳುವಾಗ ಮೈ ತೂರಾಡಿ, ಎರಡು ಸಲ ಬಚ್ಚಲಿನ ಗೋಡೆ ಹಿಡಿದರು. ಎದೆಯ ಕೆಳಗೆ ಯಾರೋ ಅಗಲವಾದ ಪಟ್ಟಿ ಬಿಗಿದು ಕಟ್ಟಿದಂತಹ ಭಾವನೆ. “ಅಷ್ಟು ದೊಡ್ಡ ಕಾಯಿಲೆ ಬಂದುಹೋಗಿದೆ, ನಿಶ್ಶಕ್ತಿ ಇರುವುದೇ” ಎಂದು ಒಬ್ಬರು, “ವಯಸ್ಸಾಗಲಿಲ್ಲವೆ?” ಎಂದು ಮತ್ತೊಬ್ಬರು. ಟಾನಿಕ್ಕಿನ ಸೀಸೆ ಬಂದಿತು.

ಇದರೊಡನೆ ಇನ್ನೊಂದು ತೊಂದರೆಯೂ ಇದ್ದಿತು. ಅದನ್ನು ಆಕೆ ಯಾರಿಗೂ ಹೇಳಲಿಲ್ಲ. ಮೂತ್ರ ತಡೆಯಲಾಗುತ್ತಿರಲಿಲ್ಲ, ಕೆಲವೊಮ್ಮೆ ಹೋಗಬೇಕೆಂದರೂ ಹೋಗುತ್ತಿರಲಿಲ್ಲ. ಮಾನ ಮರ್ಯಾದೆಗೆ ಹೆಸರಾದ ಮನೆಗಳಲ್ಲಿ ಹೆಂಗಸರು ಇದನ್ನು ಪತಿಯೊಡನೆ ಸಹ ಆಡುವುದಿಲ್ಲ. ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ, ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ, ಸುಮ್ಮನಿರುತ್ತಾರೆ. ವೈದ್ಯನಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಸುಳಿವು ಹೀಗೆ ಮನೆಯೊಳಗೇ ಉಳಿದುಬಿಡುತ್ತದೆ.

ತಜ್ಞರ ಬಳಿಗೆ ಹೋದರೂ ಹಾದಿ ನೇರವಾಗಿಲ್ಲ. ತಲೆಯ ರಕ್ತಸ್ರಾವದಿಂದ ಗುಣವಾದವರಲ್ಲಿ ನಡಿಗೆ ತಪ್ಪಿದರೆ, ಮೂತ್ರ ಹಿಡಿತ ತಪ್ಪಿದರೆ, ಮೊದಲು ಸಂಶಯ ಬರುವುದು ತಲೆಯಲ್ಲಿ ನೀರು ತುಂಬಿದೆಯೇ ಎಂದು. ಅದು ನ್ಯಾಯವೇ, ಏಕೆಂದರೆ ಅದೇ ಹೆಚ್ಚು ಸಾಮಾನ್ಯ. ಅದಾಗಿದ್ದರೆ ತಲೆಯಿಂದ ಹೊಟ್ಟೆಯವರೆಗೆ ಚರ್ಮದಡಿ ಸಣ್ಣ ಕೊಳವೆಯೊಂದನ್ನು ಹಾಯಿಸಿ ನೀರನ್ನು ಇಳಿಸುತ್ತಾರೆ. ಎಷ್ಟೋ ಮಂದಿ ಮತ್ತೆ ಸರಾಗವಾಗಿ ನಡೆಯುತ್ತಾರೆ. ಆದರೆ ಕೊಳವೆ ಹಾಕಿದ ಮೇಲೆಯೂ ಕಾಲು ಸುಧಾರಿಸದೆ ಹೋದರೆ? ಅಥವಾ ತಲೆಯಲ್ಲಿ ನೀರು ತುಂಬಿಯೇ ಇಲ್ಲದಿದ್ದರೆ? ಅಪರಾಧಿ ಕೆಳಗಿದ್ದಾನೆಂದು ತಿಳಿಯಬೇಕು.

ಇಬ್ಬರನ್ನೂ ಬೇರ್ಪಡಿಸುವುದಕ್ಕೆ ದೊಡ್ಡ ಯಂತ್ರಕ್ಕೂ ಮೊದಲು ಸಣ್ಣ ಉಪಕರಣಗಳು ಸಾಕು: ರಬ್ಬರಿನ ಸುತ್ತಿಗೆ, ಒಂದು ಪಿನ್ನು, ಒಂದು ಪ್ರಶ್ನೆ. ತಲೆಯಲ್ಲಿ ನೀರು ತುಂಬಿದವರಿಗೆ ಮರೆವು, ಮಂಕು ಕೂಡಿಕೊಂಡಿರುವುದು ಹೆಚ್ಚು. ಬೆನ್ನಿನ ತೊಡಕಿನಲ್ಲಿ ಬುದ್ಧಿ ಚುರುಕಾಗಿಯೇ ಇರುತ್ತದೆ. ಪಾರ್ಶ್ವವಾಯುವಿನಂತೆ ಮುಖ ಸೊಟ್ಟಗಾಗುವುದಿಲ್ಲ, ಮಾತು ತೊದಲುವುದಿಲ್ಲ. ಬಲವಿಳಿಯುವುದು ಸಾಮಾನ್ಯವಾಗಿ ಎರಡು ಕಾಲುಗಳಲ್ಲಿಯೂ. ಮಂಡಿಯ ಕೆಳಗೆ ಸುತ್ತಿಗೆ ತಾಗಿಸಿದರೆ ಕಾಲು ಅತಿಯಾಗಿ ಜಿಗಿಯುತ್ತದೆ. ಅಂಗಾಲನ್ನು ಗೀರಿದರೆ ಹೆಬ್ಬೆರಳು ಕೆಳಗೆ ಮಡಿಯುವುದಕ್ಕೆ ಬದಲು ಮೇಲಕ್ಕೇಳುತ್ತದೆ. 1896ರಲ್ಲಿ ಪ್ಯಾರಿಸಿನ ಬಾಬಿನ್‌ಸ್ಕಿ ಗುರುತಿಸಿದ ಚಿಹ್ನೆ ಇದು. ಇನ್ನು ಪಿನ್ನು: ಕಾಲಿನಿಂದ ಮೇಲಕ್ಕೆ ಮೆಲ್ಲಗೆ ಚುಚ್ಚುತ್ತ ಬಂದರೆ ಹೊಟ್ಟೆಯ ಮೇಲೋ ಎದೆಯ ಮೇಲೋ ಒಂದು ಗೆರೆಯ ಬಳಿ ರೋಗಿ ತಟ್ಟನೆ, “ಹಾ, ಈಗ ಚುಚ್ಚಿತು” ಎನ್ನುತ್ತಾರೆ. ಆ ಗೆರೆಯೇ ಬೆನ್ನುಹುರಿಯ ತೊಂದರೆಯ ಮಟ್ಟವನ್ನು ತೋರಿಸುತ್ತದೆ.

ಪ್ರಶ್ನೆಯಾವುದೆಂದರೆ, ಭಾರತದ ವೈದ್ಯ ವಿದ್ಯಾರ್ಥಿಗಳಿಗೆ ಗುರುಗಳು ತಪ್ಪದೆ ಕಲಿಸುವಂಥದು: “ಚಪ್ಪಲಿ ಜಾರುತ್ತದೆಯೆ? ಜಾರಿದುದು ತಿಳಿಯುತ್ತದೆಯೆ?” ಜಾರಿದುದು ತಿಳಿದೂ ತಡೆಯಲಾಗದಿದ್ದರೆ ಕಾಲಿನ ಬಲ ಕುಂದಿದೆ. ಜಾರಿದುದೇ ತಿಳಿಯದಿದ್ದರೆ ಸ್ಪರ್ಶಜ್ಞಾನ ಕುಂದಿದೆ. ಬೂಟು ಕಟ್ಟಿಕೊಳ್ಳುವ ದೇಶಗಳ ಪುಸ್ತಕಗಳಲ್ಲಿ ಈ ಪ್ರಶ್ನೆ ಸಿಕ್ಕಲಾರದು.

ಪಟ ತೆಗೆಯುವುದರ ಕಥೆ

ಆ ಗೆರೆಯನ್ನು ಹಿಡಿದು ಎಂ.ಆರ್.ಐ. ಪಟ ತೆಗೆದರೆ ಹುರಿ ಎಲ್ಲಿ ಅಂಟಿದೆ, ಎಲ್ಲಿ ನೀರಿನ ಚೀಲ ಒತ್ತುತ್ತಿದೆ, ಒಳಗೆ ಪೊಳ್ಳಾಗಿದೆಯೇ ಎಂಬುದೆಲ್ಲ ಕಾಣುತ್ತದೆ. ಈ ಯಂತ್ರ ಬರುವುದಕ್ಕೆ ಮೊದಲಿನ ಪಾಡು ಬೇರೆ. ಎಕ್ಸ್-ರೇಗೆ ಕಾಣುವ ಎಣ್ಣೆಯಂತಹ ಔಷಧವನ್ನು ಸೊಂಟದ ಮೂಲಕ ನೀರಿಗೆ ಸೇರಿಸಿ, ರೋಗಿಯನ್ನು ಮೇಜಿನ ಮೇಲೆ ಮೇಲೆ ಕೆಳಗೆ ವಾಲಿಸಿ ಪಟ ತೆಗೆಯುತ್ತಿದ್ದರು. 1944ರಿಂದ ಬಳಕೆಗೆ ಬಂದ ಅಂತಹದೊಂದು ಎಣ್ಣೆ, ಪ್ಯಾಂಟೊಪೇಕ್ ಎಂದೂ ಮಯೋಡಿಲ್ ಎಂದೂ ಹೆಸರಾದುದು, ದಶಕಗಳ ಕಾಲ ಲೋಕದೆಲ್ಲೆಡೆ ನಡೆಯಿತು. ವಿಪರ್ಯಾಸವೆಂದರೆ ಆ ಎಣ್ಣೆಯೇ ಅರಾಕ್ನಾಯ್ಡೈಟಿಸ್ ತರಬಲ್ಲದೆಂದು ತರುವಾಯ ತಿಳಿಯಿತು. ಎಣ್ಣೆಯೊಡನೆ ರಕ್ತವೂ ಕೂಡಿದರೆ ಹಾನಿ ಇಮ್ಮಡಿಸುವುದೆಂದು 1960ರ ದಶಕದ ಪ್ರಾಣಿ ಪ್ರಯೋಗಗಳು ಸೂಚಿಸಿದವು. ಅದು ಈಗ ಬಳಕೆಯಲ್ಲಿಲ್ಲ.

ಎಂ.ಆರ್.ಐ. ಬಲವಾದ ಅಯಸ್ಕಾಂತದ ಯಂತ್ರವಾದುದರಿಂದ ಒಂದು ಎಚ್ಚರಿಕೆ ಅಗತ್ಯ. ಹಿಂದಿನ ಕಾಲದ ಕೆಲವು ಉಕ್ಕಿನ ಚಿಮುಟಗಳು ಅಯಸ್ಕಾಂತಕ್ಕೆ ಎಳೆಯಲ್ಪಡುವಂಥವು. ಇಂದಿನ ಚಿಮುಟಗಳಿಗೂ ಪ್ಲಾಟಿನಂ ಸುರುಳಿಗೂ ಸಾಮಾನ್ಯವಾಗಿ ಆ ಭಯವಿಲ್ಲ. ತಲೆಯೊಳಗೆ ಯಾವ ಬಗೆಯದು ಕುಳಿತಿದೆ ಎಂಬುದು ಆಸ್ಪತ್ರೆ ಬಿಡುವಾಗ ಕೊಡುವ ಕಾಗದದಲ್ಲಿರುತ್ತದೆ. ಮನೆಪತ್ರಗಳೊಡನೆ ಕಪಾಟಿನಲ್ಲಿ ಇಡತಕ್ಕ ಕಾಗದ ಅದು, ಪುಡಿಕೆ ಕಟ್ಟುವುದಕ್ಕಲ್ಲ.

ಬಿಡಿಸಬಹುದೆ?

ಬೆನ್ನೆಲುಬಿನ ಹಿಂಗೋಡೆಯನ್ನು ತೆರೆದು, ಸೂಕ್ಷ್ಮದರ್ಶಕದ ಕೆಳಗೆ ಅಂಟಿದ ಎಳೆಗಳನ್ನು ಒಂದೊಂದಾಗಿ ಬಿಡಿಸುವ ಶಸ್ತ್ರಚಿಕಿತ್ಸೆಯುಂಟು. ಹುರಿಯನ್ನು ಒತ್ತುವ ನೀರಿನ ಚೀಲವಿದ್ದರೆ ಅದನ್ನು ತೆರೆಯಬಹುದು. ಒಳಗೆ ಪೊಳ್ಳಾಗಿ ನೀರು ನಿಂತಿದ್ದರೆ ಕೊಳವೆಯಿಟ್ಟು ಹೊರಕ್ಕೆ ಹಾಯಿಸಬಹುದು. ಒಂದೆರಡು ಎಲುಬುಗಳ ಉದ್ದಕ್ಕಷ್ಟೇ ಅಂಟಿದ್ದರೆ, ಒತ್ತುವ ಚೀಲ ಸ್ಪಷ್ಟವಾಗಿದ್ದರೆ, ಫಲದ ಭರವಸೆ ಹೆಚ್ಚು. ಉದ್ದಕ್ಕೂ ಹಬ್ಬಿದ್ದರೆ ಕೈಹಾಕುವುದೇ ಕಷ್ಟ. ಬಿಡಿಸಿದ ಗಾಯವೇ ಮಾಯುವಾಗ ಹೊಸ ನಾರನ್ನು ಹೆಣೆಯುತ್ತದೆ. ವರದಿಗಳಲ್ಲಿ ಕೆಲವರು ಚೆನ್ನಾಗಿ ಸುಧಾರಿಸಿದ್ದಾರೆ, ಕೆಲವರು ಇದ್ದಲ್ಲಿಗೆ ನಿಂತಿದ್ದಾರೆ, ಕೆಲವರು ಮತ್ತೆ ಇಳಿದಿದ್ದಾರೆ. ಸ್ಟೀರಾಯ್ಡ್ ಔಷಧಗಳನ್ನು ಕೊಟ್ಟು ನೋಡಿದವರುಂಟು. ಅವುಗಳಿಂದ ಖಚಿತವಾದ ಗುಣ ಸಿದ್ಧವಾಗಿಲ್ಲ. ಹುರಿ ಪೂರ್ಣ ಸೊರಗುವ ಮೊದಲು ತಿಳಿದವರಿಗೂ, ಗಾಲಿಕುರ್ಚಿ ಹಿಡಿದ ಮೇಲೆ ತಿಳಿದವರಿಗೂ ಇರುವ ಅಂತರ ಬಹು ದೊಡ್ಡದು.

ಹಾಗಾದರೆ ಮೊದಲೇ ರಕ್ತವನ್ನು ಹೊರಕ್ಕೆ ಬಸಿದುಬಿಟ್ಟರೆ? ಈ ಯೋಚನೆ ಹಳೆಯದು. ಜರ್ಮನಿ, ಸ್ವಿಟ್ಸರ್ಲೆಂಡ್, ಕೆನಡಾಗಳ ಆಸ್ಪತ್ರೆಗಳು ಕೂಡಿ 287 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದವು. ಕೆಲವರಿಗೆ ಮೊದಲ ದಿನಗಳಲ್ಲಿಯೇ ಸೊಂಟದಲ್ಲಿ ಸಣ್ಣ ಕೊಳವೆಯಿಟ್ಟು ಗಂಟೆಗೆ 5 ಮಿಲಿಲೀಟರಿನಂತೆ ರಕ್ತಮಿಶ್ರಿತ ನೀರನ್ನು ಬಸಿದರು. 2023ರಲ್ಲಿ ಅಚ್ಚಾದ ಫಲಿತಾಂಶದಂತೆ, ಆರು ತಿಂಗಳ ತರುವಾಯ ಕೆಟ್ಟ ಸ್ಥಿತಿಯಲ್ಲಿದ್ದವರು ಬಸಿದವರಲ್ಲಿ ನೂರಕ್ಕೆ ಸುಮಾರು 33, ಬಸಿಯದವರಲ್ಲಿ ಸುಮಾರು 45. ಆದರೆ ಆ ಪರೀಕ್ಷೆ ಅಳೆದುದು ಮಿದುಳಿನ ಚೇತರಿಕೆಯನ್ನು; ಬೆನ್ನಿನ ಪೊರೆ ಅಂಟುವುದನ್ನಲ್ಲ. ಇದು ಅದನ್ನೂ ತಡೆಯುತ್ತದೆಂದು ಹೇಳುವುದು ಅವಸರವಾದೀತು.

ಭಾರತದಲ್ಲಿ ಬೆನ್ನಿನ ಪೊರೆ ಅಂಟುವುದಕ್ಕೆ ತಲೆಯ ರಕ್ತಸ್ರಾವಕ್ಕಿಂತ ಬಹುಪಾಲು ಹೆಚ್ಚಾಗಿ ಕಾರಣವಾಗುವುದು ಕ್ಷಯ. ಮುಂಬಯಿಯ ನೊಶಿರ್ ವಾಡಿಯಾ ಮತ್ತು ದಾರಬ್ ದಸ್ತೂರ್ 1969ರಲ್ಲಿ ಬೆನ್ನುಹುರಿಯ ಪೊರೆಗಳ ಉರಿಯೂತವನ್ನು ಕುರಿತು ಬರೆದ ಲೇಖನಗಳು ಇಂದಿಗೂ ಉಲ್ಲೇಖಗೊಳ್ಳುತ್ತವೆ. ಆದುದರಿಂದ ಇಲ್ಲಿಯ ನರರೋಗತಜ್ಞರಿಗೆ ಅಂಟಿದ ಬೆನ್ನುಹುರಿಯ ಪಟ ಹೊಸತಲ್ಲ. ಆದರೆ ರಕ್ತಸ್ರಾವದ ಹಿನ್ನೆಲೆಯನ್ನು ರೋಗಿ ಹೇಳದಿದ್ದರೆ, ಕ್ಷಯವೆಂದೇ ಮೊದಲು ಭಾವಿಸುವುದು ಸಹಜ. ಎಂಟು ತಿಂಗಳ ಹಿಂದಿನ ತಲೆಯ ಕಥೆಯನ್ನು ಕಾಲಿನ ವೈದ್ಯನಿಗೂ ಹೇಳಬೇಕೆಂಬುದು ಮನೆಯವರಿಗೆ ಹೊಳೆಯದಿರಬಹುದು.

ಕಾಲು ಹಿಂದಿರುಗದವರ ಪಾಡೇನು? ಎರಡನೆಯ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿ ಕೆಟ್ಟವರು ಹಾಸಿಗೆಹುಣ್ಣಿನಿಂದಲೂ ಮೂತ್ರದ ಸೋಂಕಿನಿಂದಲೂ ಬೇಗನೆ ಸಾಯುತ್ತಿದ್ದರು. ಜರ್ಮನಿಯಿಂದ ಓಡಿಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಹಿಡಿದ ಉಪಾಯ ಔಷಧವಲ್ಲ, ಶಿಸ್ತು: ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸುವುದು, ಹಗಲೂ ರಾತ್ರಿಯೂ. 1948ರಲ್ಲಿ ಅದೇ ಆಸ್ಪತ್ರೆಯ ಹುಲ್ಲಿನ ಮೇಲೆ ಗಾಲಿಕುರ್ಚಿಯ ಹದಿನಾರು ಮಂದಿ ಬಿಲ್ಲು ಹಿಡಿದು ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್ ಕ್ರೀಡೆಗಳ ಮೊದಲ ಹೆಜ್ಜೆ ಅದು. ಕನ್ನಡ ನಾಡಿನಿಂದ ಎಷ್ಟೋ ಮನೆಗಳವರು ಚಿಕಿತ್ಸೆಗೆಂದು ಹೋಗುವ ವೆಲ್ಲೂರಿನಲ್ಲಿ, 1954ರ ಅಪಘಾತದಲ್ಲಿ ಬೆನ್ನುಹುರಿ ಕೆಟ್ಟು ಗಾಲಿಕುರ್ಚಿ ಹಿಡಿದ ಡಾಕ್ಟರ್ ಮೇರಿ ವರ್ಗೀಸ್, ಆ ಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. ಅವರ ಶ್ರಮದಿಂದ 1966ರಲ್ಲಿ ಅಲ್ಲಿ ಪುನಶ್ಚೇತನ ಸಂಸ್ಥೆ ತೆರೆಯಿತು. ಮಂಚದಿಂದ ಕುರ್ಚಿಗೆ ದಾಟುವುದು, ಹೊತ್ತು ಹೊತ್ತಿಗೆ ಕೊಳವೆಯಿಂದ ಮೂತ್ರ ತೆಗೆದುಕೊಳ್ಳುವುದು, ಕೂತಲ್ಲಿಯೇ ಮೈಭಾರವನ್ನು ಬದಲಿಸುವುದು, ಇಂಥವನ್ನೆಲ್ಲ ಅಂತಹ ಕಡೆಗಳಲ್ಲಿ ರೋಗಿಗೂ ಮನೆಯವರಿಗೂ ಕೂರಿಸಿಕೊಂಡು ಕಲಿಸುತ್ತಾರೆ.

ಲೇಖನದ ಮೊದಲಲ್ಲಿ ಕಂಡ ಗೃಹಿಣಿಗೆ ಅಷ್ಟು ದೂರ ಹೋಗಬೇಕಾಗಲಿಲ್ಲವೆಂದು ಇಟ್ಟುಕೊಳ್ಳಬಹುದು. ಮಗಳು ಚಪ್ಪಲಿಯ ಸಂಗತಿಯನ್ನು ಮರೆಯಲಿಲ್ಲ. ತಿಂಗಳೊಪ್ಪತ್ತಿನ ಪರೀಕ್ಷೆಗೆ ಹೋದಾಗ ವೈದ್ಯರು ತಲೆಯ ಪಟವನ್ನು ನೋಡಿ, “ಎಲ್ಲ ಸರಿಯಾಗಿದೆ, ಹೋಗಿ ಬನ್ನಿ” ಎನ್ನುವುದರಲ್ಲಿದ್ದರು. ಮಗಳು ಬಾಗಿಲ ಬಳಿ ನಿಂತು, “ಡಾಕ್ಟರೆ, ಅಮ್ಮನ ಚಪ್ಪಲಿ ಬಿದ್ದುಹೋದರೂ ಅವರಿಗೆ ಗೊತ್ತಾಗುವುದಿಲ್ಲ” ಎಂದಳು. ಡಾಕ್ಟರು ಎದ್ದ ಕುರ್ಚಿಯಲ್ಲಿ ಮತ್ತೆ ಕುಳಿತರು. ಮೇಜಿನ ಮೇಲಿದ್ದ ಪಿನ್ನನ್ನು ಕೈಗೆತ್ತಿಕೊಂಡು, “ಮಲಗಿ ತಾಯಿ, ಕಾಲಿನಿಂದ ನೋಡಿಕೊಂಡು ಬರೋಣ” ಎಂದರು.